ಹೆಬ್ಬೆರಳಿನ ಜಾಗ

ಅಕ್ಟೋಬರ್ 9, ಗುರುವಾರ

ಮಗು ಮಲಗಿದೆ ಎಂದೆ. ಮಲಗಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತಿದ್ದರು. ಅಕ್ರೋಟು ತುಂಬಿದ ಸುರುಳಿ ರೊಟ್ಟಿ ತಂದಿದ್ದರು, ನನಗಿಷ್ಟವೆಂದು ಅವರೇ ತೀರ್ಮಾನಿಸಿಕೊಂಡದ್ದು. ಪೊಟ್ಟಣ ನನ್ನ ಕೈಗಿತ್ತರು. ಖಾಲಿಯಾದ ಕೈಗಳು ಎಂದಿನಂತೆ ನಡುಗತೊಡಗಿದವು. ಅವರು ಬಂದಾಗಲೆಲ್ಲ ನಾನು ನೋಡುವುದು ಮುಖವನ್ನಲ್ಲ, ಆ ಕೈಗಳನ್ನು.

"ಈಗಷ್ಟೇ ಮಲಗಿದಾಳೆ ಮಾವ."

"ಹಾಗಾದ್ರೆ ಬೇಡ ಬಿಡು. ಮಲಗಿದ ಮಗುನ ಎಬ್ಬಿಸಿದೋರಿಗೆ ನರಕದಲ್ಲೂ ಜಾಗ ಕೊಡಲ್ಲ ಅಂತಿದ್ಲು ನಮ್ಮಮ್ಮ."

ತಿರುಗಿದರು. ಮೆಟ್ಟಿಲ ಮೇಲೆ ಮೇಪಲ್ ಎಲೆಗಳು ಮಳೆಗೆ ನೆಂದು ಅಂಟಿಕೊಂಡಿದ್ದವು. ಗುಡಿಸಬೇಕೆಂದು ವಾರವಿಡೀ ಅಂದುಕೊಂಡದ್ದೇ ಬಂತು. ಅವರ ಕಾಲು ಜಾರಿದ್ದನ್ನು ನೋಡಲಿಲ್ಲ. ನಾನಾಗಲೇ ಬಾಗಿಲು ಮುಚ್ಚುತ್ತಿದ್ದೆ. ಸದ್ದು ಕೇಳಿಸಿತು.

ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲೇ ಕೂತಿದ್ದೆ. ಒಳಗೆ ಟೆಸ್ ಕೇಕೆ ಹಾಕಿ ನಗುತ್ತಿದ್ದಳು. ಮಾವ ಕಣ್ಣು ಮುಚ್ಚಿದ್ದರು. ಕೇಳಿಸಿತೋ ಇಲ್ಲವೋ.

ಅವಳು ಹುಟ್ಟಿ ಐದು ತಿಂಗಳು. ಅವರು ಒಮ್ಮೆಯೂ ಎತ್ತಿಕೊಂಡಿಲ್ಲ. ನಾನು ಕೊಟ್ಟಿಲ್ಲ.

ಅಕ್ಟೋಬರ್ 12, ಭಾನುವಾರ

ಸೊಂಟದ ಮೂಳೆಗೆ ಲೋಹದ ಕಂಬಿ ಹಾಕಿದ್ದಾರೆ. ಇನ್ನು ಆರೇಳು ವಾರ, ನಡೆಯಲು ಮತ್ತೆ ಕಲಿಸುವ ಕಡೆ ಇರಬೇಕು. ಎಲೆಯ ಮೇಲೆ ಜಾರಿದೆ ಎಂದಷ್ಟೇ ಎಲ್ಲರಿಗೂ ಹೇಳುತ್ತಿದ್ದಾರೆ.

"ಮನೆಯಿಂದ ಏನಾದ್ರೂ ತರಬೇಕಾ ಅಪ್ಪಾ?" ಎಂದು ಡೆರೆಕ್ ಕೇಳಿದ.

"ಇಲ್ಲಿಗೇನೂ ಬೇಡ. ಹಿಟ್ಟಿನ ಡಬ್ಬಿಲಿ ನಿಮ್ಮ ತಾತಂದು ಇದೆಯಲ್ಲ, ಅದನ್ನ ನಿಮ್ಮನೆಗೆ ತಗೊಂಡು ಹೋಗು. ಖಾಲಿ ಮನೇಲಿ ಬಿಡಬೇಡ."

ತಾತನದು ಎಂದರೆ ರಿವಾಲ್ವರ್. ಡೆರೆಕ್‌ನ ತಾತ ಮೀಹಲ್ ಇಲ್ಲಿಯ ಕಲ್ಲಿದ್ದಲ ಗಣಿಯಲ್ಲಿ ರಾತ್ರಿ ಕಾವಲಿಗಿದ್ದಾಗ, ತನಗಿಂತ ಹಿಂದಿನ ಕಾವಲುಗಾರನಿಂದ ಕೊಂಡದ್ದಂತೆ. ಆಗಲೇ ಅದು ಹಳೆಯದು. ವರ್ಷಕ್ಕೊಮ್ಮೆ, ತಾತ ತೀರಿಕೊಂಡ ದಿನ, ಮಾವ ಅದನ್ನು ಗಣಿಯ ಕಸದ ಗುಡ್ಡಕ್ಕೆ ಒಯ್ದು ಆರು ಗುಂಡು ಹಾರಿಸಿ, ಒರೆಸಿ, ಎಣ್ಣೆ ಸವರಿ, ಉಣ್ಣೆಯ ಕಾಲುಚೀಲದೊಳಗಿಟ್ಟು ಮತ್ತೆ ಡಬ್ಬಿಗೆ ಸೇರಿಸುತ್ತಾರೆ.

ಇವತ್ತು ತಂದೆವು. ಒಂದು ಕಾಲಕ್ಕೆ ನೀಲಿಗಪ್ಪಾಗಿದ್ದ ಉಕ್ಕು ಈಗ ಚಲಾವಣೆ ತಪ್ಪಿದ ತಾಮ್ರದ ಕಾಸಿನ ಬಣ್ಣ. ನಳಿಗೆಯ ಬುಡದಲ್ಲಿ ತುಕ್ಕಿನ ಚುಕ್ಕೆಗಳು. ಬಲಗಡೆ, ಹಿಡಿಯಿಂದ ಸ್ವಲ್ಪ ಮೇಲೆ, ಹೆಬ್ಬೆರಳಗಲದ ಬೂದು ಮಚ್ಚೆ, ಸಿಬ್ಬು ಹತ್ತಿದ ಚರ್ಮದ ಹಾಗೆ. ಪಾಪ, ಯಾರೂ ಸರಿಯಾಗಿ ನೋಡಿಕೊಂಡಿಲ್ಲ ಅನ್ನಿಸಿತು.

ನೆಲಮಾಳಿಗೆಯ ಕಬ್ಬಿಣದ ಕಪಾಟಿನಲ್ಲಿಟ್ಟೆವು. ಗುಂಡಿಲ್ಲವೆಂದು ನೋಡಿದೆ. ಬೀಗ ಹಾಕಿ ಮೇಲೆ ಬಂದೆ. ಬೀಗ ಹಾಕಿದೆನೇ ಎಂದು ಕೆಳಗಿಳಿದೆ. ಇಳಿದ ಮೇಲೆ, ಗುಂಡು ನೋಡಿದ್ದು ಸರಿಯಾಗಿ ನೋಡಿದೆನೇ ಎಂದು ಮತ್ತೆ ತೆರೆದೆ. ಟೆಸ್ ಉಸಿರಾಡುತ್ತಿದ್ದಾಳೆಯೇ ಎಂದು ಮೇಲಕ್ಕೆ ಓಡಿದೆ. ಈಚೆಗೆ ನನ್ನ ನಿದ್ದೆ ಎಂದರೆ ಇದೇ.

ಅಕ್ಟೋಬರ್ 21, ಮಂಗಳವಾರ

ಹಾಲೂಡಿಸುತ್ತಾ ಫೋನಿನಲ್ಲಿ ಸದ್ದು ತೆಗೆದು ವಿಡಿಯೋ ನೋಡುತ್ತೇನೆ. ಯಾರದೋ ಬರಿಯ ಕೈಗಳು, ಮುಖವಿಲ್ಲ. ಕೆಸರಿನಿಂದ ಎತ್ತಿದಂಥ ತುಕ್ಕಿನ ಮುದ್ದೆ. ಬಿಚ್ಚುತ್ತಾರೆ, ನೆನೆಸುತ್ತಾರೆ, ಉಜ್ಜುತ್ತಾರೆ. ಕೊನೆಗೆ ಬಿಳಿ ಬಟ್ಟೆಯ ಮೇಲೆ ಹೊಸ ಮದುಮಗಳ ಹಾಗೆ ಮಿನುಗುವ ರಿವಾಲ್ವರ್. ಎಷ್ಟು ಕೆಟ್ಟಿದ್ದರೂ ಸರಿಹೋಗುತ್ತದೆ. ಪ್ರತಿ ವಿಡಿಯೋದಲ್ಲೂ ಸರಿಹೋಗುತ್ತದೆ.

ಇವತ್ತು ಆಸ್ಪತ್ರೆಯಲ್ಲಿ ಮಾವ ಎರಡೂ ಬದಿಯ ಆಸರೆ ಕಂಬಿ ಹಿಡಿದು ನಾಲ್ಕು ಹೆಜ್ಜೆ ಹಾಕಿ ಬೆವೆತುಹೋದರು. ನನ್ನನ್ನು ನೋಡಿ ಕೈ ಬೀಸಿದರು. "ಮಗು ಹೇಗಿದೆ? ನಿದ್ದೆ ಮಾಡುತ್ತಾ ಚೆನ್ನಾಗಿ?"

ಚುಚ್ಚಿ ಹೇಳಿದ್ದೇ? ಅವರ ಮುಖದಲ್ಲಿ ಹಾಗೇನೂ ಕಾಣಲಿಲ್ಲ. ಕಾಣದಿದ್ದದ್ದೇ ಕಷ್ಟವಾಯಿತು.

ಅವರಿಗೆ ಏನಾದರೂ ಮಾಡಬೇಕು.

ಅಕ್ಟೋಬರ್ 26, ಭಾನುವಾರ

"ಏನು, ಬಂದೂಕು ರಿಪೇರಿ ಅಂಗಡಿ ಇಡ್ತೀಯಾ?" ಎಂದು ಡೆರೆಕ್ ನಕ್ಕ.

"ನಿಮ್ಮಪ್ಪ ಮನೆಗೆ ಬರೋ ಹೊತ್ತಿಗೆ ಚೊಕ್ಕಟ ಮಾಡಿಡೋಣ ಅಂತ."

"ಎಣ್ಣೆ ಹಾಕಿ ಒರೆಸು, ಸಾಕು. ಸ್ಕ್ರೂ ತಲೆ ಮಾತ್ರ ಕೆಡಿಸಬೇಡ. ತಲೆ ಕೆಟ್ಟ ಸ್ಕ್ರೂ ನೋಡಿದ್ರೆ ಅಪ್ಪ ಆವತ್ತು ಊಟ ಬಿಡ್ತಾರೆ."

ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಆರಿಸಿಕೊಟ್ಟು ಗಾಜಿನ ಕಾರ್ಖಾನೆಯ ಪಾಳಿಗೆ ಹೋದ. ನಾನು ಕೂತೆ. ಪಕ್ಕದ ಮುಚ್ಚಳವನ್ನು ಮೀಟಬಾರದು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಚೌಕಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದರೆ ತಾನೇ ಎದ್ದು ಬರುತ್ತದೆ. ಬಂತು! ಒಳಗೆ ಗೋಂದಾಗಿ ಹೋದ ಎಣ್ಣೆ, ಅದರಲ್ಲಿ ಸಿಕ್ಕಿಕೊಂಡ ಕಪ್ಪು ಪುಡಿ. ಕಲ್ಲಿದ್ದಲು. ಮೀಹಲ್‌ನ ಜೇಬಿನದಿರಬೇಕು. ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಚಿಂದಿಯಲ್ಲಿ ಒರೆಸಿ ಎಸೆದೆ.

ಮೇಲೆ ಟೆಸ್ ಅತ್ತಳು. ಈ ಒಂದು ಸ್ಪ್ರಿಂಗ್ ಕೂರಿಸಿ ಹೋಗುತ್ತೇನೆಂದುಕೊಂಡೆ. ಕೂರಿಸಿಯೇ ಹೋದೆ. ಆ ಹೊತ್ತಿನಲ್ಲಿ ನನಗೆ ಭಯವಿರಲಿಲ್ಲ. ಹಾಗಿದ್ದಕ್ಕೆ ಈಗ ಭಯವಾಗುತ್ತಿದೆ. ಅಳುವ ಮಗುವನ್ನು ಬಿಟ್ಟು ಸ್ಪ್ರಿಂಗ್ ಕೂರಿಸುವವಳು ಎಂಥ ತಾಯಿ?

ನವೆಂಬರ್ 1, ಶನಿವಾರ

ಮುಗಿಯಿತು! ಡೆರೆಕ್‌ನ ಪಾಲಿಶ್ ಚಕ್ರಕ್ಕೆ ಹಿಡಿದೆ. ತುಕ್ಕಿನ ಚುಕ್ಕೆ ತೆಗೆಯಲೆಂದು ಶುರುಮಾಡಿದವಳು, ಒಂದು ಕಡೆ ಬೆಳಗಿದ ಮೇಲೆ ಇನ್ನೊಂದು ಕಡೆ ಮಂಕಾಗಿ ಕಾಣಿಸಿ, ಪೂರ್ತಿ ಮಾಡಿಬಿಟ್ಟೆ. ಮೇಲೆ ಉಕ್ಕಿಗೆ ನೀಲಿ ಬಣ್ಣ ಬರಿಸುವ ಬಾಟಲಿಯ ಮದ್ದು ಸವರಿದೆ. ಬಲಗಡೆಯ ಆ ದರಿದ್ರ ಮಚ್ಚೆ ಗುರುತಿಗೂ ಇಲ್ಲ. ಅಚ್ಚೊತ್ತಿದ ಅಕ್ಷರಗಳು ಸ್ವಲ್ಪ ಮಸುಕಾದವು, ಪರವಾಗಿಲ್ಲ.

ಟೆಸ್‌ಗೆ ದೂರದಿಂದ ತೋರಿಸಿದೆ. ಬೆಳಕು ಕಂಡು ಕೈ ಚಾಚಿದಳು.

ನವೆಂಬರ್ 2, ಭಾನುವಾರ

ಡೆರೆಕ್ ನೋಡಿದ. ಬೈಯಲಿಲ್ಲ. ಮೇಜಿನ ಮೇಲಿಟ್ಟು, ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡ, ಶವ ಮುಟ್ಟಿದವನ ಹಾಗೆ.

"ಒರೆಸು ಅಂದಿದ್ದೆ."

"ತುಕ್ಕು ಹಿಡಿದಿತ್ತು ಡೆರೆಕ್."

"ತುಕ್ಕಲ್ಲ ಅದು. ತಾತ ಇಪ್ಪತ್ತು ವರ್ಷ ಸೊಂಟಕ್ಕೆ ಕಟ್ಕೊಂಡು, ಕೈಲಿ ಹಿಡಿದು ಸವೆಸಿದ್ದು. ಅಪ್ಪ ಅದನ್ನ ಹೊಸದು ಮಾಡ್ಸೋಕಾಗದೆ ಇಟ್ಟಿದ್ರು ಅಂದ್ಕೊಂಡ್ಯಾ?" ಟವೆಲ್ಲೊಂದನ್ನು ಅದರ ಮೇಲೆ ಹೊದಿಸಿ, "ನಾನು ಹೇಳ್ತೀನಿ ಅಪ್ಪಂಗೆ" ಎಂದ.

"ಬೇಡ. ನಾನೇ ಹೇಳ್ತೀನಿ."

ಮೊದಲು ಅವರ ಸೊಂಟ. ಈಗ ಅವರಪ್ಪ.

ನವೆಂಬರ್ 5, ಬುಧವಾರ

ಮೂರು ದಿನದ ಮೇಲೆ ಡೆರೆಕ್ ಮಾತಾಡಿದ. ಡಯಾಪರ್ ತರಬೇಕಾ ಎಂದು ಕೇಳಿದ.

ನವೆಂಬರ್ 15, ಶನಿವಾರ

ಅಗ್ನಿಶಾಮಕ ಸ್ವಯಂಸೇವಕರ ಸಭಾಂಗಣದಲ್ಲಿ ಬಂದೂಕು ಸಂತೆ. ಅಲ್ಲೇ ಹಿಂದಿನ ಅಡುಗೆಮನೆಯಲ್ಲಿ ಚರ್ಚಿನ ಹೆಂಗಸರು ಪಿರೋಗಿ ಕಡುಬು ಮಾರುತ್ತಾರೆ. ಕಡುಬು ತರುತ್ತೇನೆಂದು ಡೆರೆಕ್‌ಗೆ ಹೇಳಿ ಹೋದೆ. ಕಡುಬು ಕೊಂಡದ್ದೂ ನಿಜ.

ಟೆಸ್‌ಳನ್ನು ಎದೆಗೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ನಡೆದೆ. ಒಬ್ಬ ಮುದುಕ, "ಯಾರಿಗಮ್ಮ ಬೇಕಾಗಿರೋದು, ನಿಂಗಾ ಆಕೆಗಾ?" ಎಂದ. ಪಕ್ಕದ ಮೇಜಿನ ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು, "ಏ ಮುದಿಯಾ, ಆಕೆ ನಿನಗಿಂತ ಚೆನ್ನಾಗಿ ಗುರಿ ಇಡ್ತಾಳೆ, ನಿನ್ನ ಮೇಜು ನೋಡ್ಕೋ" ಎಂದಳು. ಹೆಸರು ಡೊಲೋರಿಸ್ ಎಂದು ಅಂಗಿಯ ಮೇಲಿತ್ತು.

ಅವಳ ಮೇಜಿನ ಮೇಲೆ ಅದಿತ್ತು. ಅದೇ ಕಂಪನಿ, ಅದೇ ಮಾದರಿ, ಅದೇ ಕಂದು. ಮೇಲೆ ಕಾಣುವ ಮಗ್ಗುಲಲ್ಲಿ ಹೆಬ್ಬೆರಳಗಲದ ಬೂದು ಮಚ್ಚೆ ಕೂಡ. ಬೆಲೆ ಕೇಳುವ ಮೊದಲೇ ಪರ್ಸು ತೆಗೆದೆ.

"ಮುಟ್ಟಿ ನೋಡು ಪುಟ್ಟಿ. ಇದಕ್ಕೆ ಯಾರೂ ಪಾಲಿಶ್ ಗೀಲಿಶ್ ಮಾಡಿಲ್ಲ. ಈಗಿನೋರು ವಿಡಿಯೋ ನೋಡ್ಕೊಂಡು ತಾತನ ಮುಖದ ಚರ್ಮ ಸುಲಿದು ತರ್ತಾರೆ, ಚೆನ್ನಾಗಿದೆಯಾ ಅಂತ ನನ್ನೇ ಕೇಳ್ತಾರೆ. ಯಾರಿಗೆ ಇದು?"

"ನಮ್ಮ ಮಾವಂಗೆ."

"ಪುಣ್ಯ ಮಾಡಿದ್ದ ಕಣಮ್ಮ ನಿಮ್ಮ ಮಾವ."

ಕಾಗದ ತುಂಬಿ ಕೊಟ್ಟೆ. ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆದೆ. ಉಡುಗೊರೆ ಎಂದೂ ಹೇಳಿದೆ. ಅವಳ ಮಗ ಫೋನಿನಲ್ಲಿ ಪೊಲೀಸರ ಒಪ್ಪಿಗೆ ಪಡೆಯುವ ತನಕ ಟೆಸ್ ಅವಳ ತೊಡೆಯ ಮೇಲೆ ಉಣ್ಣೆ ಉಂಡೆ ಎಳೆದಾಡುತ್ತಿದ್ದಳು.

ಕಾರಿಗೆ ಬಂದ ಮೇಲೆ ಹೊಳೆಯಿತು. ಇವತ್ತೇ ಮೊದಲು ನೋಡಿದವಳಿಗೆ ಮಗುವನ್ನು ಕೊಟ್ಟೆ. ಕೇಳಿದಳು, ಕೊಟ್ಟುಬಿಟ್ಟೆ.

ನವೆಂಬರ್ 22, ಶನಿವಾರ

ಮಾವ ಬಂದರು. ಚೌಕಟ್ಟಿನ ನಡಿಗೆಗೋಲು ಹಿಡಿದು ಅದೇ ಮೆಟ್ಟಿಲು ಹತ್ತಿದರು. ಬೆಳಿಗ್ಗೆಯಿಂದ ಎಷ್ಟು ಸಲ ಗುಡಿಸಿದ್ದೆನೋ. ಕೆಳಗಿನ ಕೋಣೆ ಇನ್ನು ಅವರದು.

"ಅದು ಇದೆಯಾ?"

"ಇದೆ ಮಾವ. ಭದ್ರವಾಗಿದೆ."

ಡೆರೆಕ್ ನನ್ನ ಕಡೆ ನೋಡಿದ. ಹೇಳ್ತೀನಿ, ಹಬ್ಬ ಕಳೀಲಿ ಎಂದು ಸನ್ನೆ ಮಾಡಿದೆ. ಸಂತೆಯಿಂದ ತಂದದ್ದು ಆ ಹೊತ್ತಿಗಾಗಲೇ ಉಣ್ಣೆ ಚೀಲದೊಳಗಿತ್ತು. ನಿಜವಾದದ್ದು ಕಪಾಟಿನ ಹಿಂಬದಿಯಲ್ಲಿ, ಟವೆಲ್ಲಿನಲ್ಲಿ ಸುತ್ತಿ.

ನವೆಂಬರ್ 27, ಗುರುವಾರ

ಕೃತಜ್ಞತೆಯ ಹಬ್ಬ. ಟರ್ಕಿ ಕೋಳಿ ಒಣಗಿತ್ತು. ಪಿರೋಗಿ ಚೆನ್ನಾಗಿತ್ತು, ಅದು ನನ್ನದಲ್ಲ. ಯಾವುದಕ್ಕೆ ಕೃತಜ್ಞತೆ ಎಂದು ಒಬ್ಬೊಬ್ಬರೂ ಹೇಳುವಾಗ ಮಾವ, "ನಡಿಗೆಗೋಲಿಗೆ. ಮತ್ತೆ ಈ ಮನೆಗೆ" ಎಂದರು. ನಾನು ಟೆಸ್ ಎಂದೆ.

ಊಟವಾದ ಮೇಲೆ ತಂದುಕೊಟ್ಟೆ. ಗುಂಡು ತುಂಬುವ ಉರುಳೆ ತೆರೆದು ಖಾಲಿಯೆಂದು ತೋರಿಸಿಯೇ ಕೊಡಬೇಕು. ಈ ಮನೆಯಲ್ಲಿ ಅದು ಪ್ರಾರ್ಥನೆಯಷ್ಟೇ ಕಡ್ಡಾಯ. ಎಡಗೈಯಲ್ಲಿ ತೆಗೆದುಕೊಂಡರು. ಅಷ್ಟು ಹೊತ್ತು ಮೇಜಿನ ಬಟ್ಟೆಯ ಮೇಲೆ ಅದುರುತ್ತಿದ್ದ ಕೈ, ಅದರ ಭಾರ ಬಿದ್ದದ್ದೇ, ಕಲ್ಲಿನ ಹಾಗೆ ನಿಂತಿತು. ಹೆಬ್ಬೆರಳು ಉಕ್ಕಿನ ಮೇಲೆ ಆಚೆಗೂ ಈಚೆಗೂ ಹರಿದಾಡಿತು, ಕತ್ತಲಲ್ಲಿ ಸ್ವಿಚ್ ಹುಡುಕುವವರ ಹಾಗೆ. ಆಮೇಲೆ ತಿರುವಿ ಇನ್ನೊಂದು ಮಗ್ಗುಲು ನೋಡಿದರು.

"ಚೆನ್ನಾಗಿ ನೋಡ್ಕೊಂಡಿದೀಯಮ್ಮ" ಎಂದರು. ತಾವೇ ಚೀಲಕ್ಕೆ ಹಾಕಿದರು.

ಗೆದ್ದೆ. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದೆ.

ನವೆಂಬರ್ 28, ಶುಕ್ರವಾರ

ನಾಳೆ ಜಿಂಕೆ ಬೇಟೆ ಶುರು. ಡೆರೆಕ್ ಕಿತ್ತಳೆ ಕೋಟು ಹುಡುಕುತ್ತಾ, ನನ್ನ ಕಡೆ ನೋಡದೆ ಕೇಳಿದ: "ಎಲ್ಲಿಂದ ತಂದೆ ಅದನ್ನ?"

ಹೇಳಿದೆ.

"ತಾತನ ಬಲಗೈಲಿ ಎರಡೇ ಬೆರಳು ಕಣೇ. ಮಿಕ್ಕಿದ್ದು ಗಣೀಲಿ ಹೋಯ್ತು. ಅಗೆಯೋಕಾಗದೆ ಇದ್ದಿದ್ದಕ್ಕೇ ಕಾವಲಿಗೆ ಹಾಕಿದ್ದು. ಅವನು ಹಿಡೀತಿದ್ದಿದ್ದು ಎಡಗೈಲಿ. ಎಡಗೈಯವನ ಹೆಬ್ಬೆರಳು ಬಲಗಡೆ ಕೂರುತ್ತೆ, ಸವೆದಿದ್ದು ಬಲಗಡೆ. ನೀನು ತಂದಿದ್ದು ಎಡಗಡೆ ಸವೆದಿದೆ. ಅಪ್ಪ ಚಿಕ್ಕೋರಿದ್ದಾಗಿಂದ ಬೆರಳಿಡೋ ಜಾಗ ಅದು."

"ಹಂಗಾದ್ರೆ ಅವರಿಗೆ..."

"ಮುಟ್ಟಿದ ತಕ್ಷಣ ಗೊತ್ತಾಗಿದೆ."

"ನೀನ್ಯಾಕೆ ನಿನ್ನೆ ಬಾಯಿ ಬಿಡಲಿಲ್ಲ?"

"ಅಪ್ಪಾನೂ ಬಾಯಿ ಬಿಡಲಿಲ್ವಲ್ಲ."

ನವೆಂಬರ್ 29, ಶನಿವಾರ

ಡೆರೆಕ್ ನಸುಕಿನಲ್ಲೇ ಕಾಡಿಗೆ ಹೋದ. ನಾನು ಅಡುಗೆಮನೆಗೆ ಬಂದಾಗ ಮಾವ ಮೇಜಿನ ಮೇಲೆ ಪತ್ರಿಕೆ ಹಾಸಿಕೊಂಡು ಸಂತೆಯ ರಿವಾಲ್ವರನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಿದ್ದರು.

"ಇದು ಇನ್ಯಾರದೋ ಅಪ್ಪಂದು" ಎಂದರು, ತಲೆ ಎತ್ತದೆ. "ಬಲಗೈಯವನು. ಒಳ್ಳೆ ಮನುಷ್ಯ ಇರ್ಬೇಕು, ಒಂದು ಸ್ಕ್ರೂ ತಲೆಯೂ ಕೆಡಿಸಿಲ್ಲ."

ಕೆಳಗಿಳಿದು ಟವೆಲ್ಲು ತಂದು ಅವರೆದುರು ಬಿಚ್ಚಿದೆ. ತೆರೆದು ತೋರಿಸಿದೆ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಗೋಡೆಗೆ ಚಿಮ್ಮಿತು.

ಬಹಳ ಹೊತ್ತು ನೋಡಿದರು. "ಕನ್ನಡಿ ಮಾಡಿದೀಯಲ್ಲೇ. ಇದರಲ್ಲಿ ನೋಡ್ಕೊಂಡು ಗಡ್ಡ ಹೆರ್ಕೋಬಹುದು." ನಾನು ನಗಬೇಕೆಂದು ಹೇಳಿದ್ದಿರಬೇಕು. ಅವರೇ ನಗಲಿಲ್ಲ. ಎಡಗೈಯಲ್ಲಿ ಎತ್ತಿಕೊಂಡರು, ಹೆಬ್ಬೆರಳು ನೇರವಾಗಿ ಹೋಗಿ ಬಲಗಡೆ ಕೂತಿತು, ಅಭ್ಯಾಸದಿಂದ. ಕೂತು ಜಾರಿತು.

"ಸ್ವಲ್ಪ ಹೊತ್ತು ಆಚೆ ಇರ್ತೀಯಾಮ್ಮ."

ಟೆಸ್‌ಳನ್ನು ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ನಿಂತೆ. ಹಿಮ ಕಟ್ಟಿತ್ತು, ಒಂದೆಲೆಯೂ ಇರಲಿಲ್ಲ. ದೂರದ ಗುಡ್ಡದಲ್ಲಿ ಯಾರದೋ ಕೋವಿ ಹಾರಿತು. ಒಳಗಿಂದ ಸದ್ದಿಲ್ಲ. ಕರೆಯುವ ತನಕ ಹೋಗಲಿಲ್ಲ.

ಒಳಗೆ ಹೋದಾಗ ಅವರ ಕಣ್ಣು ಕೆಂಪಗಿದ್ದವು. ಎರಡೂ ರಿವಾಲ್ವರು ಪಕ್ಕಪಕ್ಕ ಇಟ್ಟಿದ್ದರು.

"ತಿರುಗಿ ಬಣ್ಣ ಹಾಕಿಸಬಹುದಂತೆ ಮಾವ. ಅದನ್ನೇ ಮಾಡೋರಿದಾರಂತೆ."

"ಹಾಕಿಸಬಹುದು. ಬಣ್ಣ ಬರುತ್ತೆ. ನಮ್ಮಪ್ಪ ಬರಲ್ಲ."

ಆಗಲೇ ಹೇಳಿಬಿಟ್ಟೆ. "ಅವತ್ತು ಮಗು ಮಲಗಿರಲಿಲ್ಲ."

"ಗೊತ್ತು. ನಗ್ತಾ ಇತ್ತಲ್ಲ. ಬಿದ್ದು ಆಕಾಶ ನೋಡ್ತಾ ಇದ್ದಾಗ ನಂಗೆ ಕೇಳಿಸ್ತಿದ್ದಿದ್ದು ಅದೊಂದೇ."

"ಯಾಕೆ ಹೇಳಲಿಲ್ಲ?"

"ನನ್ನ ಕೈ ನಂಗೆ ಕಾಣಲ್ವಾ?" ಎರಡೂ ಕೈಗಳನ್ನು ಎತ್ತಿ ತೋರಿಸಿದರು. ಖಾಲಿ ಕೈಗಳು. ಗಾಳಿಗೆ ಸಿಕ್ಕಿದ ಎಲೆಗಳ ಹಾಗೆ ಅದುರುತ್ತಿದ್ದವು. "ಒಂದು ಮಾತು ಹೇಳ್ಲಾ? ಸುಳ್ಳು ಹೇಳೋದು ನಿಂಗೆ ಬರಲ್ಲ. ಬರದೇ ಇರೋ ಕೆಲಸಕ್ಕೆ ಕೈ ಹಾಕಬೇಡ. ಪಾಲಿಶ್ ಚಕ್ರಕ್ಕೂ."

"ನಾನೇನು ಮಾಡ್ಲಿ ಈಗ?"

"ಹಿಡೀತಾ ಇರು. ಎಡಗೈಲಿ. ನಿನ್ನ ಬೆವರು ಬೀಳ್ಬೇಕು, ಬೆರಳು ಒಂದೇ ಕಡೆ ಕೂರ್ಬೇಕು. ಒಂದು ಮೂವತ್ತು ವರ್ಷ. ನಂಗಷ್ಟು ಹೊತ್ತಿಲ್ಲ. ನಿಂಗಿದೆ."

"ಇದು ಶಿಕ್ಷೇನಾ ಮಾವ?"

"ಮತ್ತೇನಂದ್ಕೊಂಡೆ, ಬಹುಮಾನಾನಾ?"

ಟೆಸ್ ನನ್ನ ಹೆಗಲಿನಿಂದ ಮೇಜಿನ ಹೊಳಪಿನತ್ತ ಬಾಗಿದಳು. ನಾನು ಅವಳನ್ನು ಅವರ ಕಡೆ ಚಾಚಿದೆ. ಬೀಳಿಸಿದರೆ ಎಂಬುದು ಮನಸ್ಸಿಗೆ ಬಂತು. ಬಂದರೂ ಚಾಚಿದೆ.

"ತಡಿ, ತಡಿ, ಎಣ್ಣೆ ಕೈ." ನಡಿಗೆಗೋಲು ತಳ್ಳಿಕೊಂಡು ಸಿಂಕಿಗೆ ಹೋಗಿ ಸಾಬೂನು ಹಚ್ಚಿ ತೊಳೆದರು. ಮತ್ತೊಮ್ಮೆ ತೊಳೆದರು. ಕೂತು, ತೋಳು ಮಾಡಿಕೊಟ್ಟರು. ನಾನು ಬಂದೂಕುಗಳನ್ನು ಕೆಳಗಿಟ್ಟು ಬೀಗ ಹಾಕಿ ಬಂದಾಗಲೂ ಅವಳು ಅಲ್ಲೇ ಇದ್ದಳು, ಅವರ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು. ಆ ಕೈ ಅಲ್ಲಾಡುತ್ತಿರಲಿಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಕಾಫಿ ಕುಡಿಯಬೇಕೆಂದಿದ್ದೆ.

ಎಚ್ಚರವಾದಾಗ ಡೆರೆಕ್ ಎದುರಿಗೆ ಬೂಟು ಬಿಚ್ಚುತ್ತಿದ್ದ. ಹೊರಗೆ ಸಂಜೆ. ನನ್ನ ಮೇಲೆ ಯಾರೋ ಅವನ ಕಿತ್ತಳೆ ಕೋಟು ಹೊದಿಸಿದ್ದರು.

ಡಿಸೆಂಬರ್ 20, ಶನಿವಾರ

ಬರೆದು ದಿನಗಳಾದವು. ಯಾಕೋ ಹೊತ್ತೇ ಆಗುವುದಿಲ್ಲ. ಮಾವ ಆ ರಿವಾಲ್ವರನ್ನು ಈಗಲೂ ನೇರವಾಗಿ ನೋಡುವುದಿಲ್ಲ. ನಾನು ಎಡಗೈಯಲ್ಲಿ ಹಿಡಿದು ಕೂತಿರುವಾಗ ಕಿಟಕಿಯಾಚೆ ನೋಡುತ್ತಾ, "ಮಣಿಕಟ್ಟು ಸೋಲಬಾರದು" ಎನ್ನುತ್ತಾರೆ.

ಏಪ್ರಿಲ್ 18, ಶನಿವಾರ

ಮೀಹಲ್ ತೀರಿಕೊಂಡ ದಿನ. ಎಲ್ಲರೂ ಗಣಿಯ ಕಸದ ಗುಡ್ಡಕ್ಕೆ ಹೋದೆವು. ಡೆರೆಕ್ ಟೆಸ್‌ಳೊಂದಿಗೆ ಕೆಳಗಿನ ರಸ್ತೆಯಲ್ಲಿ, ಕಾರಿನ ಗಾಜು ಏರಿಸಿಕೊಂಡು ಉಳಿದ. ಮಾವ ಮಡಿಚುವ ಕುರ್ಚಿಯಲ್ಲಿ ಕೂತು ಸಂತೆಯದನ್ನು ಬಲಗೈಯಲ್ಲಿ ಹಿಡಿದು ಹಾರಿಸಿದರು. "ಆ ಇನ್ಯಾರದೋ ಅಪ್ಪಂಗೂ ಯಾರಾದ್ರೂ ಹಾರಿಸ್ಬೇಕಲ್ಲ." ಗುರಿಗಿಟ್ಟ ಖಾಲಿ ಡಬ್ಬಗಳು ಒಂದೊಂದಾಗಿ ಎಗರಿದವು.

ಮೀಹಲ್‌ನದು ನನ್ನ ಕೈಗೆ. ಎಡಗೈ. ಐದು ಗುಂಡು ಗುಡ್ಡಕ್ಕೆ ಹೋದವು.

"ಗುಡ್ಡ ದೊಡ್ಡದಾಗಿದೆ, ಅದಕ್ಕೇ ತಪ್ಪಲಿಲ್ಲ" ಎಂದರು.

ಆರನೆಯದಕ್ಕೆ ಡಬ್ಬ ಬಿತ್ತು. ನಾನು ಜೋರಾಗಿ ನಕ್ಕೆ. ನಕ್ಕ ಮೇಲೆ ಬಿಸಿಲಿಗೆ ಆ ಹೊಳಪು ಕಣ್ಣಿಗೆ ಹೊಡೆದು ಸುಮ್ಮನಾದೆ. ಮಾವ ಕೈ ಚಾಚಿದರು. ತೆರೆದು ಕೊಟ್ಟೆ. ಇಸಿದುಕೊಂಡು, ಈ ಸಲ ನೇರವಾಗಿ ನೋಡಿದರು. ಬಲಗಡೆ ತಮ್ಮ ಹೆಬ್ಬೆರಳನ್ನು ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತರು.

"ಬಿಸಿ ಇದೆ" ಎಂದರು.

ಮನೆಗೆ ಬಂದು ಒರೆಸಿ, ಎಣ್ಣೆ ಸವರಿ, ದೀಪಕ್ಕೆ ಹಿಡಿದು ನೋಡಿದೆ. ಬೆರಳಿನ ಜಾಗದಲ್ಲಿ ಇನ್ನೂ ಏನೂ ಇಲ್ಲ. ಬೀಗ ಹಾಕಿ ಮೇಲೆ ಬಂದೆ. ಟೆಸ್ ಮಾವನ ಕೋಣೆಯಲ್ಲಿದ್ದಾಳೆ, ಅವರ ಎದೆಯ ಮೇಲೆ.

ಮಗು ಮಲಗಿದೆ.